390 ಮತಗಳ ಊರು, 7,87,637 ಡಾಲರಿನ ಪಗಾರ

ಪರ 336, ವಿರುದ್ಧ 54. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬೆಲ್ ಎಂಬ ಊರಿನಲ್ಲಿ 2005ರ ನವೆಂಬರ್ 29ರಂದು ನಡೆದ ವಿಶೇಷ ಮತದಾನದ ಫಲಿತಾಂಶ ಇದು. ಒಟ್ಟು ಬಿದ್ದ ಮತ 390. ಊರಿನ ಜನಸಂಖ್ಯೆ 35 ಸಾವಿರಕ್ಕೂ ಮೇಲೆ. ನಮ್ಮ ಕಡೆ ಒಂದು ಹಾಲು ಉತ್ಪಾದಕರ ಸಂಘದ ಚುನಾವಣೆಗೂ ಇದಕ್ಕಿಂತ ಹೆಚ್ಚು ಗದ್ದಲ ಇರುತ್ತದೆ. ಆ 390ರಲ್ಲೂ ಅರ್ಧಕ್ಕಿಂತ ಹೆಚ್ಚು ಮತ ಮತಗಟ್ಟೆಗೆ ಬಾರದವರು ಮುಂಚೆಯೇ ಹಾಕಿ ಕೊಟ್ಟ ಗೈರುಹಾಜರಿ ಮತಪತ್ರಗಳು.

ಮತಪತ್ರದಲ್ಲಿದ್ದ ಪ್ರಶ್ನೆ ಒಂದೇ: ಬೆಲ್ ನಗರಕ್ಕೆ ತನ್ನದೇ ಆದ ಸನ್ನದು ಬೇಕೇ ಬೇಡವೇ? ಕ್ಯಾಲಿಫೋರ್ನಿಯಾದಲ್ಲಿ ನಗರಗಳು ಎರಡು ಬಗೆ. ರಾಜ್ಯದ ಸಾಮಾನ್ಯ ಕಾಯ್ದೆಗೆ ಒಳಪಟ್ಟವು ಒಂದು ಬಗೆ, ಸ್ವಂತ ಸನ್ನದು ಬರೆದುಕೊಂಡವು ಇನ್ನೊಂದು ಬಗೆ. ಸಾಮಾನ್ಯ ಕಾಯ್ದೆಯ ನಗರಗಳಲ್ಲಿ ಕೌನ್ಸಿಲ್ ಸದಸ್ಯರ ಸಂಬಳ ಎಷ್ಟಿರಬೇಕೆಂದು ಜನಸಂಖ್ಯೆ ನೋಡಿ ರಾಜ್ಯವೇ ಹೇಳುತ್ತದೆ. ಬೆಲ್‌ನಷ್ಟು ದೊಡ್ಡ ಊರಿಗೆ ಆ ಮೂಲ ಮೊತ್ತ ಆಗ ತಿಂಗಳಿಗೆ ಕೆಲವು ನೂರು ಡಾಲರ್ ಮಾತ್ರ ಇತ್ತು. ಸಮಿತಿ ಸಭೆಗಳ ಹೆಸರಿನಲ್ಲಿ ಭತ್ಯೆ ಏರಿಸಿಕೊಳ್ಳುವ ದಾರಿಗೂ ರಾಜ್ಯ ಶಾಸನಸಭೆ 2005ರಲ್ಲಿ ಬೇಲಿ ಹಾಕಿತು. ಸನ್ನದು ಇರುವ ಊರಿಗೆ ಈ ಬೇಲಿ ಇರಲಿಲ್ಲ. ಬೇಲಿ ಬಿದ್ದ ವರ್ಷವೇ ಬೆಲ್‌ನ ಕೌನ್ಸಿಲ್ ಸನ್ನದಿಗಾಗಿ ವಿಶೇಷ ಚುನಾವಣೆ ಕರೆಯಿತು. ಮತಪತ್ರದಲ್ಲಿ ಸಂಬಳ ಎಂಬ ಪದವೇ ಇರಲಿಲ್ಲ. ಸ್ಥಳೀಯ ಸ್ವಾಯತ್ತತೆ ಎಂದರೆ ಯಾರು ತಾನೇ ಬೇಡವೆನ್ನುತ್ತಾರೆ?

ಬೆಲ್ ಇರುವುದು ಲಾಸ್ ಏಂಜಲೀಸ್ ಕೌಂಟಿಯ ಆಗ್ನೇಯ ಭಾಗದಲ್ಲಿ. ವಿಸ್ತೀರ್ಣ ಎರಡೂವರೆ ಚದರ ಮೈಲಿಯ ಆಸುಪಾಸು. 2010ರ ಜನಗಣತಿಯಲ್ಲಿ ಸಿಕ್ಕ ತಲೆಗಳು 35,477. ಹತ್ತರಲ್ಲಿ ಒಂಬತ್ತು ಮಂದಿ ಲ್ಯಾಟಿನೋ ಮೂಲದವರು. ಬಡತನ ರೇಖೆಯ ಕೆಳಗಿದ್ದವರು ಶೇ 17ರಷ್ಟು. ಬೆಳಗ್ಗೆ ಬೇರೆಯವರ ಊರಿಗೆ ದುಡಿಯಲು ಹೋಗಿ ಸಂಜೆ ವಾಪಸಾಗುವ ಜನ. ಎಷ್ಟೋ ಮಂದಿಗೆ ಪೌರತ್ವವಿಲ್ಲ, ಹಾಗಾಗಿ ಮತವೂ ಇಲ್ಲ. ಊರಿನ ಸುದ್ದಿ ಬರೆಯಲು ಕೌನ್ಸಿಲ್ ಸಭೆಗೆ ತಪ್ಪದೆ ಬಂದು ಕೂರುವ ಪತ್ರಕರ್ತರೂ ಇರಲಿಲ್ಲ.

ಊರನ್ನು ಆಳುತ್ತಿದ್ದುದು ಐದು ಜನರ ಕೌನ್ಸಿಲ್. ತಮ್ಮಲ್ಲೇ ಒಬ್ಬರನ್ನು ಮೇಯರ್ ಮಾಡಿಕೊಳ್ಳುತ್ತಿದ್ದರು. ಕೊನೆಯಲ್ಲಿ ಮೇಯರ್ ಆಗಿದ್ದವನು ಆಸ್ಕರ್ ಹೆರ್ನಾಂಡೆಜ್, ಸಣ್ಣ ದಿನಸಿ ಅಂಗಡಿಯ ಮಾಲೀಕ. ಈತನ ಓದು ಪ್ರಾಥಮಿಕ ಶಾಲೆಯನ್ನು ದಾಟಿರಲಿಲ್ಲ ಎಂದು ಮುಂದೆ ಕೋರ್ಟಿನಲ್ಲಿ ಆತನ ವಕೀಲರೇ ವಾದಿಸಿದರು. ತೆರೇಸಾ ಹಾಕೊಬೊ ಮನೆ ಮಾರಾಟದ ಏಜೆಂಟ್. ಲೂಯಿಸ್ ಆರ್ಟಿಗಾ ಪಾದ್ರಿ. ಜಾರ್ಜ್ ಕೋಲ್ ಒಂದು ಕಾಲದಲ್ಲಿ ಉಕ್ಕಿನ ಕಾರ್ಖಾನೆಯ ಕಾರ್ಮಿಕ. ಇವರ ಜೊತೆಗೆ ಜಾರ್ಜ್ ಮಿರಬಾಲ್, ವಿಕ್ಟರ್ ಬೆಯೊ; ಆರೂ ಜನ ಒಂದೇ ಹೊತ್ತಿಗೆ ಕೂತವರಲ್ಲ. ಬಡಾವಣೆಯ ಮಾತು ಕೇಳಿಸಿಕೊಳ್ಳುತ್ತಾ, ಚರ್ಚಿಗೂ ಅಂಗಡಿಗೂ ಬಂದವರ ಕೈ ಕುಲುಕುತ್ತಾ ಮೇಲೆ ಬಂದವರು. ಇಂಥ ಏರಿಕೆ ನಮಗೆ ಹೊಸದಲ್ಲ. ಮತದಾರರು ಕೆಲವೇ ಸಾವಿರ ಇದ್ದಾಗ ಗೆಲುವಿಗೆ ಬೇಕಾಗುವುದು ದೊಡ್ಡ ಹಣವಲ್ಲ, ದೊಡ್ಡ ಪರಿಚಯ.

ಕಚೇರಿ ನಡೆಸುತ್ತಿದ್ದವನು ರಾಬರ್ಟ್ ರಿಜೊ. ನಮ್ಮ ಪುರಸಭೆಯ ಮುಖ್ಯಾಧಿಕಾರಿಯ ಕುರ್ಚಿಗೆ ಹೋಲಿಸಬಹುದು, ಆದರೆ ವ್ಯತ್ಯಾಸ ದೊಡ್ಡದು. ನಮ್ಮ ಮುಖ್ಯಾಧಿಕಾರಿಯನ್ನು ಕಳಿಸುವುದು, ವೇತನ ಶ್ರೇಣಿ ನಿಗದಿ ಮಾಡುವುದು ರಾಜ್ಯ ಸರ್ಕಾರ. ಅಲ್ಲಿ ನೇಮಕ ಮಾಡುವವರೂ ಸಂಬಳ ಗೊತ್ತುಮಾಡುವವರೂ ಅದೇ ಐವರು. ಆ ಐವರ ಸಂಬಳದ ಕಡತ ಮಂಡಿಸುವವನು ಮತ್ತೆ ರಿಜೊ. ಬೆಲ್‌ನ ಇಡೀ ಕಥೆ ಈ ಎರಡು ಸಾಲುಗಳಲ್ಲಿದೆ, ಉಳಿದದ್ದು ಗುಣಾಕಾರ.

1993ರಲ್ಲಿ ರಿಜೊ ಕೆಲಸಕ್ಕೆ ಸೇರಿದಾಗ ವರ್ಷದ ಸಂಬಳ 72,000 ಡಾಲರ್. 2010ರ ಬೇಸಿಗೆಯಲ್ಲಿ 7,87,637 ಡಾಲರ್. ಡಾಲರಿಗೆ ಸುಮಾರು 46 ರೂಪಾಯಿಯ ಅಂದಿನ ದರದಲ್ಲಿ 3.6 ಕೋಟಿ ರೂಪಾಯಿ. 17 ವರ್ಷದಲ್ಲಿ ಹತ್ತಿರ ಹತ್ತಿರ 11 ಪಟ್ಟು. ಸರಾಸರಿ ತೆಗೆದರೆ ವರ್ಷಕ್ಕೆ ಶೇ 15ರ ಏರಿಕೆ. 1993ರಲ್ಲಿ ವರ್ಷವಿಡೀ ದುಡಿದು ಪಡೆದದ್ದನ್ನು 2010ರಲ್ಲಿ ಐದು ವಾರ ತುಂಬುವ ಮೊದಲೇ ಪಡೆಯುತ್ತಿದ್ದ. ಇದು ಮೂಲ ವೇತನ ಮಾತ್ರ. ರಜೆಯ ನಗದು, ಪಿಂಚಣಿ ವಂತಿಗೆ, ವಿಮೆ ಎಲ್ಲ ಸೇರಿದರೆ ವರ್ಷಕ್ಕೆ 15 ಲಕ್ಷ ಡಾಲರ್ ದಾಟುತ್ತಿತ್ತು. ವರ್ಷಕ್ಕೆ 107 ದಿನ ರಜೆ, ಮೇಲೆ 36 ದಿನ ಅನಾರೋಗ್ಯ ರಜೆ. ಒಟ್ಟು 143 ದಿನ, ವಾರಕ್ಕೆ ಐದು ದಿನದ ಲೆಕ್ಕದಲ್ಲಿ 28 ವಾರಕ್ಕೂ ಹೆಚ್ಚು. ಅಂದರೆ ಕೆಲಸ ಮಾಡಬೇಕಾದ ವಾರಗಳಿಗಿಂತ ಮಾಡದಿರಬಹುದಾದ ವಾರಗಳೇ ಜಾಸ್ತಿ. ಇದನ್ನು ಓದಿಯೂ ಸಹಿ ಹಾಕಿದರೋ, ಓದದೆ ಹಾಕಿದರೋ? ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಇದೇ ಹೊತ್ತಿಗೆ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಅವರ ವಾರ್ಷಿಕ ಸಂಬಳ 4,00,000 ಡಾಲರ್. ಆದರೆ ಅಧ್ಯಕ್ಷರೊಂದಿಗಿನ ಹೋಲಿಕೆ ಓದಲು ಚೆಂದವೇ ಹೊರತು ನಿಜವಾದ ಅಳತೆ ಪಕ್ಕದಲ್ಲೇ ಇದೆ. ಸುಮಾರು 98 ಲಕ್ಷ ಜನರಿದ್ದ ಲಾಸ್ ಏಂಜಲೀಸ್ ಕೌಂಟಿಯ ಮುಖ್ಯ ಕಾರ್ಯನಿರ್ವಾಹಕನ ಸಂಬಳ 3,38,458 ಡಾಲರ್. ಕೌಂಟಿಯ ಒಬ್ಬ ನಿವಾಸಿಯ ಮೇಲೆ ಬೀಳುವ ಭಾರ ಮೂರೂವರೆ ಸೆಂಟ್. ಬೆಲ್‌ನ ಒಬ್ಬ ನಿವಾಸಿ ರಿಜೊನ ಮೂಲ ವೇತನಕ್ಕಾಗಿ ಹೊರುತ್ತಿದ್ದದ್ದು 22 ಡಾಲರ್, ಅಂದರೆ ಆರು ನೂರು ಪಟ್ಟಿಗೂ ಹೆಚ್ಚು.

ಪೊಲೀಸ್ ಮುಖ್ಯಸ್ಥ ರ‍್ಯಾಂಡಿ ಆ್ಯಡಮ್ಸ್‌ಗೆ 4,57,000 ಡಾಲರ್, ಅವನ ಕೈಕೆಳಗಿದ್ದವರು 46 ಮಂದಿ. ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥನಿಗೆ ಸುಮಾರು 3,07,000 ಡಾಲರ್, ಕೈಕೆಳಗೆ 12 ಸಾವಿರಕ್ಕೂ ಮೀರಿದ ಸಿಬ್ಬಂದಿ. ಒಬ್ಬ ಸಿಬ್ಬಂದಿಯನ್ನು ನೋಡಿಕೊಳ್ಳಲು ಅಲ್ಲಿ ಸುಮಾರು 24 ಡಾಲರ್, ಬೆಲ್‌ನಲ್ಲಿ ಸುಮಾರು 9,900 ಡಾಲರ್. ರಿಜೊನ ಸಹಾಯಕಿ ಏಂಜೆಲಾ ಸ್ಪಾಸಿಯಾ ಪಡೆಯುತ್ತಿದ್ದದ್ದು 3,76,288 ಡಾಲರ್.

ಆ್ಯಡಮ್ಸ್ ಕೆಲಸಕ್ಕೆ ಸೇರುವ ಮುನ್ನ, 2009ರಲ್ಲಿ, ಆತ ಮತ್ತು ಸ್ಪಾಸಿಯಾ ನಡುವೆ ಹರಿದಾಡಿದ ಇ–ಮೇಲ್‌ಗಳು ಆಮೇಲೆ ಕೋರ್ಟಿನ ಕಡತ ಸೇರಿದವು. ಬಂದು ಬೆಲ್‌ನ ದುಡ್ಡನ್ನೆಲ್ಲ ಬಾಚಿಕೊಳ್ಳಲು ಕಾಯುತ್ತಿದ್ದೇನೆ ಎಂಬ ಅರ್ಥದಲ್ಲಿ ಆತ ತಮಾಷೆ ಮಾಡುತ್ತಾನೆ. ನಮ್ಮ ಹಾಗೆ ನೀನೂ ಪಾಲು ತೆಗೆದುಕೊ, ಎಲ್ಲರೂ ಕೂಡಿ ದಪ್ಪಗಾಗೋಣ ಎಂದು ಆಕೆ ಉತ್ತರಿಸುತ್ತಾಳೆ. ಸಣ್ಣ ಹಂದಿ ಕೊಬ್ಬುತ್ತದೆ, ಅತಿಯಾಗಿ ಕೊಬ್ಬಿದ್ದು ಕಟುಕನ ಪಾಲಾಗುತ್ತದೆ ಎಂಬ ರಿಜೊನ ಮೆಚ್ಚಿನ ಮಾತನ್ನೂ ಸೇರಿಸಿ, ಅಷ್ಟು ದೂರ ಹೋಗದಿದ್ದರಾಯಿತು ಎನ್ನುತ್ತಾಳೆ. ವರ್ಷಕ್ಕೆ 15 ಲಕ್ಷ ಡಾಲರಿನ ಪ್ಯಾಕೇಜು ಇವರ ಲೆಕ್ಕದಲ್ಲಿ ಇನ್ನೂ ಅತಿಯಾಗಿರಲಿಲ್ಲ ಎಂದಾಯಿತು.

ಈಗ ಚುನಾಯಿತರ ಲೆಕ್ಕ. ಬೆಲ್‌ನ ಕೌನ್ಸಿಲ್ ಸದಸ್ಯರು 2010ರಲ್ಲಿ ತಿಂಗಳಿಗೆ 8,083 ಡಾಲರಿನಂತೆ, ವರ್ಷಕ್ಕೆ ಸುಮಾರು 97,000 ಡಾಲರ್ ಪಡೆಯುತ್ತಿದ್ದರು. ಮೊತ್ತ ಒಂದೇ ಕಡೆ ಕಾಣದಂತೆ ಸೀಳಿದ್ದರು. ಸಾರ್ವಜನಿಕ ಹಣಕಾಸು ಪ್ರಾಧಿಕಾರ, ಹೆಚ್ಚುವರಿ ಆಸ್ತಿ ಪ್ರಾಧಿಕಾರ, ಸಮುದಾಯ ವಸತಿ ಪ್ರಾಧಿಕಾರ, ಘನತ್ಯಾಜ್ಯ ಮತ್ತು ಮರುಬಳಕೆ ಪ್ರಾಧಿಕಾರ ಎಂಬ ನಾಲ್ಕು ಹೆಸರುಗಳು. ಸದಸ್ಯರು ಅದೇ ಐವರು, ಮೇಜು ಅದೇ. ಕೌನ್ಸಿಲ್ ಸಭೆಯ ನಡುವೆ ಒಂದು ಪ್ರಾಧಿಕಾರದ ಸಭೆ ಶುರುವಾಯಿತೆಂದು ಘೋಷಿಸಿ, ಹಾಜರಿ ಕೂಗಿ, ಮುಗಿಯಿತೆಂದು ಘೋಷಿಸುವುದು. ಕೆಲವು ಒಂದೆರಡು ನಿಮಿಷದ ಸಭೆ, ಕೆಲವು ನಡೆದೇ ಇರಲಿಲ್ಲ ಎಂಬುದು ಸರ್ಕಾರಿ ವಕೀಲರ ವಾದ. ಸಭೆ ನಡೆಯಲಿ ಬಿಡಲಿ, ಭತ್ಯೆ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಖಾತೆಗೆ.

ಈ ಕೌನ್ಸಿಲಿನೊಳಗೇ ಒಂದು ಅಳತೆಗೋಲು ಇತ್ತು. ವಿಕ್ಟರ್ ಬೆಯೊ 2009ರಲ್ಲಿ ಸ್ಥಾನ ಬಿಟ್ಟ. ಸ್ಥಾನ ಬಿಟ್ಟರೂ ಹಣ ಬಿಡಲಿಲ್ಲ. ಊರಿನ ಆಹಾರ ವಿತರಣಾ ಕೇಂದ್ರದಲ್ಲಿ ಸಹಾಯಕನ ಹುದ್ದೆ, ಅದೇ ಲಕ್ಷ ಡಾಲರಿನ ಹತ್ತಿರದ ಸಂಬಳ. ಆ ಖಾಲಿ ಜಾಗಕ್ಕೆ ಬಂದವರು ಲೊರೆಂಜೊ ವೆಲೆಜ್. ಇವರಿಗೆ ಸಿಗುತ್ತಿದ್ದದ್ದು ಎರಡು ವಾರಕ್ಕೊಮ್ಮೆ 310 ಡಾಲರ್, ವರ್ಷಕ್ಕೆ 8,060. ಪಕ್ಕದ ಕುರ್ಚಿಯವರು ತಿಂಗಳಿಗೆ ಎಣಿಸಿಕೊಳ್ಳುತ್ತಿದ್ದದ್ದನ್ನು ಇವರು ವರ್ಷಕ್ಕೆ ಎಣಿಸಿಕೊಳ್ಳುತ್ತಿದ್ದರು. ಉಳಿದವರು ಅಷ್ಟು ಪಡೆಯುತ್ತಾರೆಂಬುದು ಅವರಿಗೆ ಗೊತ್ತೇ ಇರಲಿಲ್ಲವಂತೆ. ಮೊಕದ್ದಮೆಯಲ್ಲಿ ಹೆಸರು ಬಾರದ ಸದಸ್ಯ ಇವರೊಬ್ಬರೇ.

ಹಾಗಾದರೆ ಊರಿನವರು ಯಾರೂ ಕೇಳಲೇ ಇಲ್ಲವೇ? ಕೇಳಿದ್ದರು. 2008ರಲ್ಲಿ ಒಬ್ಬ ನಿವಾಸಿ ನಗರ ಕಚೇರಿಯ ಗುಮಾಸ್ತೆಯ ಬಳಿ ಹೋಗಿ ಸಂಬಳದ ವಿವರ ಕೇಳಿದ. ಸಾರ್ವಜನಿಕ ದಾಖಲೆ ಕೇಳುವುದು ಅಲ್ಲಿ ಕಾನೂನುಬದ್ಧ ಹಕ್ಕು. ಉತ್ತರವೂ ಬಂತು, ಲಿಖಿತವಾಗಿಯೇ: ರಿಜೊಗೆ ತಿಂಗಳಿಗೆ 15,478 ಡಾಲರ್, ಕೌನ್ಸಿಲ್ ಸದಸ್ಯರಿಗೆ ತಿಂಗಳಿಗೆ 673 ಡಾಲರ್. ಆ ತಿಂಗಳು ರಿಜೊ ನಿಜವಾಗಿ ಪಡೆಯುತ್ತಿದ್ದದ್ದು 52,325 ಡಾಲರ್. ಸದಸ್ಯರು ಪಡೆಯುತ್ತಿದ್ದದ್ದು 7,666. ಕಾಗದದಲ್ಲಿ ಹೇಳಿದ್ದಕ್ಕಿಂತ ರಿಜೊನದು ಮೂರು ಪಟ್ಟಿಗೂ ಹೆಚ್ಚು, ಸದಸ್ಯರದು ಹನ್ನೊಂದು ಪಟ್ಟಿಗೂ ಹೆಚ್ಚು.

ಈ ಸುಳ್ಳು ಕಾಗದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸುಳ್ಳು ಹೇಳುವವನು ಸಾಮಾನ್ಯವಾಗಿ ದುಂಡನೆಯ ಅಂಕಿ ಹೇಳುತ್ತಾನೆ. ಇಲ್ಲಿ 15,478 ಮತ್ತು 673. ಕೊನೆಯ ಅಂಕೆಯವರೆಗೂ ನಿಜದ ಹಾಗೆ ಕಾಣಬೇಕೆಂಬ ಕಾಳಜಿ. 673 ಡಾಲರ್ ಎಂಬುದಂತೂ ಬಲು ಜಾಣ ಆಯ್ಕೆ. ಕೇಳಿದವನಿಗೆ ಪಾಪ, ಸೇವೆ ಮಾಡುತ್ತಿದ್ದಾರೆ ಎನ್ನಿಸುವಷ್ಟು ಕಡಿಮೆ. ವೆಲೆಜ್ ಅವರಿಗೆ ಕೊಡುತ್ತಿದ್ದ ಮೊತ್ತವನ್ನು ತಿಂಗಳಿಗೆ ಹಂಚಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಅಂದರೆ ಕಾನೂನುಬದ್ಧ ಸಂಬಳ ಎಷ್ಟಿರಬೇಕೆಂದು ಕಚೇರಿಗೆ ಸರಿಯಾಗಿಯೇ ಗೊತ್ತಿತ್ತು. ಗೊತ್ತಿಲ್ಲದೆ ಆದ ತಪ್ಪು ಎಂಬ ವಾದ ನನ್ನ ಮಟ್ಟಿಗೆ ಈ ಒಂದು ಹಾಳೆಯ ಮುಂದೆ ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕ ಬೇಕಾದರೆ ನೀವೇ ಮಾಡಿ. 52,325ನ್ನು 12ರಿಂದ ಗುಣಿಸಿ: 6,27,900. ರಿಜೊನ ಒಪ್ಪಂದದಲ್ಲಿ ಪ್ರತಿ ಜುಲೈನಲ್ಲಿ ಶೇ 12ರ ಏರಿಕೆ ತಾನಾಗಿ ಆಗುವ ಷರತ್ತಿತ್ತು. ಒಂದು ಜುಲೈ ಸೇರಿಸಿ: 7,03,248. ಇನ್ನೊಂದು ಜುಲೈ: 7,87,638. ಒಂದು ಡಾಲರಿನ ವ್ಯತ್ಯಾಸದಲ್ಲಿ 2010ರ ಸಂಬಳ ಬಂದು ನಿಲ್ಲುತ್ತದೆ. ಈ ಎರಡು ವರ್ಷ ಅಮೆರಿಕದ ಆರ್ಥಿಕತೆ ಕುಸಿದಿತ್ತು, ಊರೂರುಗಳು ನೌಕರರನ್ನು ಮನೆಗೆ ಕಳಿಸುತ್ತಿದ್ದವು. ಬೆಲ್‌ನ ಈ ಒಂದು ಸಾಲು ಮಾತ್ರ ಯಾರ ಕೈಯೂ ತಾಗದೆ ಬೆಳೆಯುತ್ತಿತ್ತು. ಶೇ 12ರ ಚಕ್ರಬಡ್ಡಿ ಆರು ವರ್ಷಕ್ಕೆ ದುಪ್ಪಟ್ಟು. ಲೇವಾದೇವಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಕೌನ್ಸಿಲಿನಲ್ಲಿ ಕೈ ಎತ್ತಿದವರಿಗೆ ಹೇಳಬೇಕಿತ್ತು.

ಹಣ ಎಲ್ಲಿಂದ ಬಂತು? ಮನೆ ತೆರಿಗೆಯಿಂದ. ಬೆಲ್‌ನ ಆಸ್ತಿ ತೆರಿಗೆ ದರ ಆಗ ಶೇ 1.55. ಸಿನಿಮಾ ತಾರೆಯರ ಕಡಲತೀರದ ಊರಾದ ಮಾಲಿಬುವಿನಲ್ಲಿ ಶೇ 1.10. ನಾಲ್ಕು ಲಕ್ಷ ಡಾಲರ್ ಮೌಲ್ಯದ ಮನೆಗೆ ಬೆಲ್‌ನ ಕಾರ್ಮಿಕ ವರ್ಷಕ್ಕೆ 6,200 ಡಾಲರ್ ಕಟ್ಟುತ್ತಿದ್ದ. ಅಷ್ಟೇ ಮೌಲ್ಯದ ಮನೆ ಮಾಲಿಬುವಿನಲ್ಲಿದ್ದರೆ 4,400. ಬಡ ಊರಿನವನ ಮೇಲೆ 1,800 ಡಾಲರ್ ಹೆಚ್ಚು. ಕಾನೂನು ಮೀರಿ ಮನೆಮಾಲೀಕರಿಂದ ವಸೂಲಿ ಮಾಡಿದ ಆಸ್ತಿ ತೆರಿಗೆಯೇ 29 ಲಕ್ಷ ಡಾಲರ್ ಎಂದು ರಾಜ್ಯದ ಲೆಕ್ಕಾಧಿಕಾರಿ ಜಾನ್ ಚಿಯಾಂಗ್ ಅವರ ತಪಾಸಣೆ ಹೇಳಿತು. ಪರವಾನಗಿ ಇಲ್ಲದೆ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅದನ್ನು ಬಿಡಿಸಿಕೊಳ್ಳಲು 300 ಡಾಲರ್. ದಿನಗೂಲಿಯವನಿಗೆ ಅದು ವಾರದ ಅನ್ನ.

ಸಾಲದ್ದೂ ಒಂದು ಅಧ್ಯಾಯ. 2003ರಲ್ಲಿ ಕ್ರೀಡಾ ಸಂಕೀರ್ಣ ಮುಂತಾದ ಕಾಮಗಾರಿಗೆಂದು 7 ಕೋಟಿ ಡಾಲರಿನ ಬಾಂಡಿಗೆ ಮತದಾರರು ಒಪ್ಪಿಗೆ ಕೊಟ್ಟರು. 5 ಕೋಟಿ ಎತ್ತಿದರು. ಅದರಲ್ಲಿ 2.35 ಕೋಟಿ ಡಾಲರ್ ಬಡ್ಡಿಯೇ ಇಲ್ಲದ ಖಾತೆಯಲ್ಲಿ ಬಿದ್ದಿತ್ತು. ಶೇ 2ರ ಬಡ್ಡಿ ಹಿಡಿದರೂ ವರ್ಷಕ್ಕೆ 4.7 ಲಕ್ಷ ಡಾಲರ್ ನಷ್ಟ. ಅತ್ತ ಬಾಂಡ್ ಕೊಂಡವರಿಗೆ ಬಡ್ಡಿ ಕಟ್ಟುವುದಂತೂ ತಪ್ಪುವುದಿಲ್ಲ. ಕದ್ದ ಹಣದ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಹೀಗೆ ಸುಮ್ಮನೆ ಮಲಗಿ ಹಾಳಾದ ಹಣವನ್ನು ಯಾರೂ ತಲೆಬರಹ ಮಾಡುವುದಿಲ್ಲ. ಸಿಬ್ಬಂದಿಗೂ ಸದಸ್ಯರಿಗೂ ಊರಿನ ಖಜಾನೆಯಿಂದ ಕೊಟ್ಟ ಕೈಸಾಲ 19 ಲಕ್ಷ ಡಾಲರ್. ರಿಜೊ ತಲಾ 80,000ದಂತೆ ಎರಡು ಬಾರಿ ತೆಗೆದುಕೊಂಡಿದ್ದ.

2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ಜೆಫ್ ಗಾಟ್ಲೀಬ್ ಮತ್ತು ರೂಬೆನ್ ವೈವ್ಸ್ ನಿಜಕ್ಕೂ ಹೊರಟಿದ್ದು ಪಕ್ಕದ ಮೇವುಡ್ ಎಂಬ ಊರಿನ ವರದಿಗೆ. ಆ ಊರು ದಿವಾಳಿಯ ಅಂಚಿಗೆ ಬಂದು ತನ್ನ ಆಡಳಿತವನ್ನು ಬೆಲ್‌ಗೆ ವಹಿಸಲು ಮುಂದಾಗಿತ್ತು. ವಹಿಸಿಕೊಳ್ಳುವವರ ಸಂಬಳ ಎಷ್ಟು ಎಂದು ಕೇಳಿದರು. ಕಚೇರಿ ತಡಮಾಡಿತು. ಕೊನೆಗೆ ಉದ್ಯಾನವನವೊಂದರ ಸಭಾಕೊಠಡಿಯಲ್ಲಿ ಅಧಿಕಾರಿಗಳು, ವಕೀಲರು ಕೂಡಿದ ಭೇಟಿ. ಸಂಬಳವೆಷ್ಟು ಎಂಬ ಪ್ರಶ್ನೆಗೆ ರಿಜೊ ಬಾಯಿಬಿಟ್ಟ. ಈ ಮೊತ್ತ ಜನರ ಗಂಟಲಲ್ಲಿ ಇಳಿಯದಿದ್ದರೆ ಬಹುಶಃ ನಾನೇ ತಪ್ಪು ವೃತ್ತಿಯಲ್ಲಿದ್ದೇನೆ, ಖಾಸಗಿಯಲ್ಲಾದರೂ ಅಷ್ಟು ದುಡಿಯಬಲ್ಲೆ ಎಂಬುದು ಆಮೇಲೆ ಆತ ಕೊಟ್ಟ ಸಮರ್ಥನೆಯ ತಾತ್ಪರ್ಯ.

ವರದಿ ಅಚ್ಚಾದದ್ದು ಜುಲೈ 15ರಂದು. ಎಂಟು ದಿನದಲ್ಲಿ ರಿಜೊ, ಸ್ಪಾಸಿಯಾ, ಆ್ಯಡಮ್ಸ್ ಮೂವರೂ ರಾಜೀನಾಮೆ ಕೊಟ್ಟರು. ಕೌನ್ಸಿಲ್ ಸದಸ್ಯರು ತಮ್ಮ ಸಂಬಳವನ್ನು ಶೇ 90ರಷ್ಟು ಇಳಿಸಿಕೊಂಡರು. ಇಳಿಸಿದ ಮೇಲೂ ಕೆಲಸ ಅಷ್ಟೇ ಇತ್ತು ಎಂಬುದನ್ನು ಗಮನಿಸಬೇಕು. 68ನೇ ದಿನ, ಸೆಪ್ಟೆಂಬರ್ 21ರಂದು, ಎಂಟು ಮಂದಿಯ ಬಂಧನ: ರಿಜೊ, ಸ್ಪಾಸಿಯಾ, ಹಾಲಿ ಮತ್ತು ಮಾಜಿ ಸದಸ್ಯರಾದ ಹೆರ್ನಾಂಡೆಜ್, ಹಾಕೊಬೊ, ಮಿರಬಾಲ್, ಆರ್ಟಿಗಾ, ಕೋಲ್, ಬೆಯೊ. ಆ್ಯಡಮ್ಸ್ ಮೇಲೆ ಮೊಕದ್ದಮೆ ಬೀಳಲಿಲ್ಲ. ಆದರೆ ಬೆಲ್‌ನ ಸಂಬಳದ ಮೇಲೆ ಲೆಕ್ಕ ಹಾಕಿಸಿ ವರ್ಷಕ್ಕೆ 5,10,000 ಡಾಲರ್ ಪಿಂಚಣಿ ಪಡೆಯಲು ಆತ ಮಾಡಿದ ಪ್ರಯತ್ನ ವಿಫಲವಾಯಿತು.

2011ರ ಮಾರ್ಚ್ 8ರಂದು ಸದಸ್ಯರನ್ನು ಹಿಂದಕ್ಕೆ ಕರೆಸುವ ಚುನಾವಣೆ. ಬಿದ್ದ ಮತಗಳಲ್ಲಿ ಶೇ 95ರಷ್ಟು ವಜಾ ಮಾಡಿ ಎಂಬ ಕಡೆಗೆ. ಐದು ವರ್ಷದ ಹಿಂದೆ 390 ಮತ ಕಂಡಿದ್ದ ಊರಿನಲ್ಲಿ ಈ ಸಲ ಮತದಾರರಲ್ಲಿ ಸುಮಾರು ಮೂರನೇ ಒಂದು ಭಾಗ ಹೊರಗೆ ಬಂದಿತ್ತು. ಅದೇ ವರ್ಷ ಈ ವರದಿಗಳಿಗಾಗಿ ಪತ್ರಿಕೆಗೆ ಸಾರ್ವಜನಿಕ ಸೇವೆಯ ಪುಲಿಟ್ಜರ್ ಪ್ರಶಸ್ತಿ ಬಂತು.

ಎಂಟು ಮಂದಿಯ ಮೇಲಿದ್ದ ದುರ್ಬಳಕೆಯ ಆರೋಪ ಒಟ್ಟು 55 ಲಕ್ಷ ಡಾಲರಿಗೂ ಮೇಲಿನದು, ಸುಮಾರು 25 ಕೋಟಿ ರೂಪಾಯಿ. ಊರಿನ ಪ್ರತಿ ತಲೆಗೆ 155 ಡಾಲರ್, ಮಗುವನ್ನೂ ಸೇರಿಸಿ. ಇದರಲ್ಲಿ ನಾಮ್‌ಕಾವಾಸ್ತೆ ಸಭೆಗಳ ಹೆಸರಲ್ಲಿ ಚುನಾಯಿತರಿಗೆ ಸಂದದ್ದು 12.5 ಲಕ್ಷ. ಆರು ಜನಕ್ಕೆ ಹಂಚಿದರೆ ತಲಾ ಸುಮಾರು 2.08 ಲಕ್ಷ. ಒಟ್ಟು ಮೊತ್ತದ ಕಾಲುಭಾಗವೂ ಇಲ್ಲ. ಠರಾವಿಗೆ ಕೈ ಎತ್ತುವ ಅಧಿಕಾರವಿದ್ದದ್ದು ಇವರಿಗೆ, ಪಾಲಿನ ದೊಡ್ಡ ತುಂಡು ಹೋದದ್ದು ಕಡತ ಬರೆದವನಿಗೆ. ಮಾರಾಟಕ್ಕಿದ್ದರು ಎಂಬುದಕ್ಕಿಂತ, ಬಹಳ ಅಗ್ಗಕ್ಕೆ ಹೋದರು ಎಂಬುದೇ ನನಗೆ ಹೆಚ್ಚು ಕಾಣುತ್ತದೆ. ವಿಚಾರಣೆಯಲ್ಲಿ ಹಾಕೊಬೊ ನುಡಿದ ಸಾಕ್ಷ್ಯ ಇದಕ್ಕೆ ಪೂರಕ: ಇನ್ನು ಮುಂದೆ ಪೂರ್ಣಾವಧಿ ಸಂಬಳ ಸಿಗುತ್ತದೆ, ಮನೆ ಮಾರಾಟದ ಕೆಲಸ ಬಿಡಬಹುದು ಎಂದು ರಿಜೊ ಹೇಳಿದಾಗ ಆಕೆಗೆ ಖುಷಿಯಾಗಿತ್ತು. ಕಾನೂನಿಗೆ ಸರಿಯೇ ಎಂದು ಕೇಳುವುದು ಹೊಳೆದಿರಲಿಲ್ಲ.

ಆರು ಸದಸ್ಯರ ತೀರ್ಪು ಬಂದದ್ದು 2013ರ ಮಾರ್ಚ್ 20ರಂದು. ಪಾದ್ರಿ ಆರ್ಟಿಗಾ ಖುಲಾಸೆ. ಉಳಿದ ಐವರೂ ತಪ್ಪಿತಸ್ಥರು, ಆದರೆ ಎಲ್ಲ ಆರೋಪಗಳಲ್ಲೂ ಅಲ್ಲ. ಹಣಕಾಸು ಪ್ರಾಧಿಕಾರದ ಭತ್ಯೆಯ ವಿಷಯದಲ್ಲಿ ಜ್ಯೂರಿ ಬಿಟ್ಟುಬಿಟ್ಟಿತು, ಕೆಲವು ಆರೋಪಗಳಲ್ಲಿ ಒಮ್ಮತ ಮೂಡಲಿಲ್ಲ. ಸಿಕ್ಕಿಹಾಕಿಕೊಂಡದ್ದು ಘನತ್ಯಾಜ್ಯ ಪ್ರಾಧಿಕಾರದಲ್ಲಿ. ಅದು ಕಾನೂನು ಪ್ರಕಾರ ಹುಟ್ಟಿಯೇ ಇರಲಿಲ್ಲ, ಒಂದು ಲಾರಿ ಕಸವನ್ನೂ ಎತ್ತಿರಲಿಲ್ಲ ಎಂಬುದು ಸರ್ಕಾರಿ ವಕೀಲರ ವಾದವಾಗಿತ್ತು. ಇತ್ಯರ್ಥವಾಗದೆ ಉಳಿದ ಆರೋಪಗಳಿಗೆ ಎರಡನೇ ವಿಚಾರಣೆ ಎದುರಿಸುವ ಬದಲು 2014ರಲ್ಲಿ ಐವರೂ ರಾಜಿಗೆ ಒಪ್ಪಿದರು.

ಶಿಕ್ಷೆಯ ಪಟ್ಟಿ ಹೀಗಿದೆ. ಹಾಕೊಬೊಗೆ 2 ವರ್ಷ ಸೆರೆ, 2,42,000 ಡಾಲರ್ ವಾಪಸಾತಿ. ಮೇಯರ್ ಹೆರ್ನಾಂಡೆಜ್‌ಗೆ ಕೌಂಟಿ ಜೈಲಿನಲ್ಲಿ 1 ವರ್ಷ, 2,41,000 ಡಾಲರ್. ಬೆಯೊಗೆ 1 ವರ್ಷ, 1,77,000 ಡಾಲರ್. ಮಿರಬಾಲ್‌ಗೂ 1 ವರ್ಷ. ಕೋಲ್‌ಗೆ 180 ದಿನ ಗೃಹಬಂಧನ, 77,000 ಡಾಲರ್. ಸ್ಪಾಸಿಯಾಗೆ 2014ರ ಏಪ್ರಿಲ್‌ನಲ್ಲಿ 11 ವರ್ಷ 8 ತಿಂಗಳು. ವಿಚಾರಣೆಗೆ ನಿಲ್ಲದೆ 69 ಆರೋಪಗಳಿಗೆ ಪ್ರತಿವಾದ ಹೂಡುವುದಿಲ್ಲವೆಂದ ರಿಜೊಗೆ 12 ವರ್ಷ, 88 ಲಕ್ಷ ಡಾಲರ್ ವಾಪಸಾತಿ. ತೆರಿಗೆ ವಂಚನೆಗಾಗಿ ಫೆಡರಲ್ ಕೋರ್ಟಿನಿಂದ 33 ತಿಂಗಳು ಬೇರೆ. ಭಾಗಿಸಿ ನೋಡಿದರೆ ಒಂದು ಆರೋಪಕ್ಕೆ ಎರಡು ತಿಂಗಳು ಚಿಲ್ಲರೆ. 88 ಲಕ್ಷ ಡಾಲರ್ ಎಂದರೆ ಆತನ 2010ರ ಪ್ಯಾಕೇಜಿನ ಆರು ವರ್ಷದ ಮೊತ್ತಕ್ಕೂ ಸ್ವಲ್ಪ ಕಡಿಮೆ.

ಬೆಲ್ ಒಂದೇ ಊರಿನ ರೋಗ ಎಂದುಕೊಳ್ಳುವಂತಿಲ್ಲ. ಪಕ್ಕದ ಸೌತ್ ಗೇಟ್‌ನ ಖಜಾಂಚಿಯಾಗಿದ್ದ ಆಲ್ಬರ್ಟ್ ರೊಬ್ಲೆಸ್‌ಗೆ 2006ರಲ್ಲಿ 10 ವರ್ಷದ ಶಿಕ್ಷೆಯಾಗಿತ್ತು. 2010ರಲ್ಲಿ ಬರೀ 112 ಜನಸಂಖ್ಯೆಯಿದ್ದ ವರ್ನನ್‌ನ ಮಾಜಿ ಮೇಯರ್ ಮತದಾನ ಅಕ್ರಮದಲ್ಲಿ ಅಪರಾಧಿಯಾದ. ಕಡಹಿ ಎಂಬ ಊರಿನ ಮೇಯರ್ ಮತ್ತು ಸಹಚರರು 2012ರಲ್ಲಿ ಗಾಂಜಾ ಅಂಗಡಿಯ ಪರವಾನಗಿಗೆ ಲಂಚ ಪಡೆದು ಸಿಕ್ಕಿಬಿದ್ದರು. ಮೊತ್ತ 17,000 ಡಾಲರ್. ಎಲ್ಲವೂ ಕೆಲವೇ ಮೈಲಿಗಳೊಳಗೆ.

ಇದೆಲ್ಲ ಆದಮೇಲೆ ಕ್ಯಾಲಿಫೋರ್ನಿಯಾ ಮಾಡಿದ ತಿದ್ದುಪಡಿಗಳನ್ನು ಓದಿದರೆ ಬೆಲ್‌ನ ಒಂದೊಂದು ಅಂಕಿಯೂ ಹಿಂದೆ ನಿಂತಿರುವುದು ಕಾಣುತ್ತದೆ. ನಗರದ ಸನ್ನದಿನ ಪ್ರಶ್ನೆಯನ್ನು ಯಾವಾಗಲೋ ಕರೆದ ವಿಶೇಷ ಚುನಾವಣೆಯಲ್ಲಿ ಕೇಳುವಂತಿಲ್ಲ, ನಿಗದಿತ ಚುನಾವಣೆಯ ದಿನವೇ ಕೇಳಬೇಕು. ಉನ್ನತಾಧಿಕಾರಿಗಳ ಒಪ್ಪಂದ ತಾನಾಗಿ ನವೀಕರಣಗೊಂಡು ಬೆಲೆಯೇರಿಕೆ ಸೂಚ್ಯಂಕಕ್ಕಿಂತ ಹೆಚ್ಚು ಸಂಬಳ ಏರಿಸುವಂತಿಲ್ಲ. ಒಂದು ಸಭೆಯೊಳಗೆ ಇನ್ನೊಂದು ಸಂಸ್ಥೆಯ ಸಭೆ ಶುರುಮಾಡುವ ಮುನ್ನ, ಅದಕ್ಕೆ ಪ್ರತಿ ಸದಸ್ಯನಿಗೆ ಸಿಗುವ ಭತ್ಯೆ ಎಷ್ಟೆಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಎಲ್ಲ ನಗರ, ಕೌಂಟಿಗಳ ಸಂಬಳದ ವಿವರವನ್ನು ರಾಜ್ಯದ ಲೆಕ್ಕಾಧಿಕಾರಿಯ ಕಚೇರಿ ಈಗ ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ.

ನಮ್ಮ ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು, ಬೆಲ್‌ನ ಆ ಮತದಾನಕ್ಕೆ 48 ದಿನ ಮೊದಲು. ಅದರ 4ನೇ ಸೆಕ್ಷನ್ ಪ್ರಕಾರ ಪ್ರತಿ ಅಧಿಕಾರಿ, ನೌಕರನ ತಿಂಗಳ ವೇತನವನ್ನು ಕಚೇರಿ ಯಾರೂ ಕೇಳದೆಯೇ ಪ್ರಕಟಿಸಬೇಕು. ನಿಮ್ಮ ಪುರಸಭೆ ಪ್ರಕಟಿಸಿಲ್ಲವೆಂದರೆ ಅರ್ಜಿಗೆ 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ 150 ಪದಗಳೊಳಗೆ ಒಂದೇ ವಿಷಯ, ಉತ್ತರಕ್ಕೆ 30 ದಿನ. ಸಂಬಳ, ಸಭಾಭತ್ಯೆ, ಪ್ರವಾಸಭತ್ಯೆ ಮೂರನ್ನೂ ಹೆಸರಿಸಿ ಕೇಳಿ. ಬಂದ ಉತ್ತರವನ್ನು ಅಲ್ಲಿಗೇ ನಂಬಬೇಡಿ. ಪುರಸಭೆಯ ವಾರ್ಷಿಕ ಲೆಕ್ಕಪತ್ರ ತರಿಸಿಕೊಂಡು ಎರಡನ್ನೂ ತಾಳೆ ಹಾಕಿ.